ತೋಳಿಗಾಗಿ ಆರು ಹೊತ್ತಿನ ಪೂಜೆ

ಎಂಬತ್ತರ ದಶಕದ ನಡುವಿನ ಮಾತು. ಯುಗಾದಿ ಮುಗಿದ ಮೇಲೆ ನನಗೊಂದು ಕನ್ಯೆ ನೋಡಲು ಅಫಜಲಪುರದಿಂದ ಜೇವರ್ಗಿಗೆ ಹೋಗಿದ್ದೆವು. ಅವಲಕ್ಕಿ, ಉಂಡಿ, ಚಹಾ ಎಲ್ಲ ಆಯಿತು. ಹುಡುಗಿ ಬಂದು ಕುಳಿತಳು, ಎರಡು ಪ್ರಶ್ನೆಗೆ ಉತ್ತರ ಕೊಟ್ಟಳು, ಏಳುವಾಗ ಒಂದು ಸಲ ತಲೆ ಎತ್ತಿ ನನ್ನನ್ನು ನೋಡಿದಳು. ಅಷ್ಟಕ್ಕೇ ನಾನು ಮನಸ್ಸಿನಲ್ಲಿ ಮದುವೆ ಮುಗಿಸಿ ಅವಳನ್ನು ಊರಿಗೆ ಕರೆತಂದಾಗಿತ್ತು. ಅಷ್ಟರಲ್ಲಿ ಅಡುಗೆಮನೆಯಿಂದ ಒಬ್ಬ ಮುದುಕಿಯ ದನಿ ಕೇಳಿತು.

"ಹುಡುಗ ಛಲೋ ಅದಾನ ಬಿಡ್ರಿ. ಖರೇ, ಅಂಗಿ ಗೂಟಕ್ಕ ಹಾಕಿದಂಗ ಕಾಣ್ತದ."

ಹಿಂದೆಯೇ ಬಳೆಗಳ ಸದ್ದು, ನಗು. ನಕ್ಕವರಲ್ಲಿ ಅವಳೂ ಇದ್ದಳೋ ಇಲ್ಲವೋ ತಿಳಿಯಲಿಲ್ಲ. ಹಿರಿಯರು ಒಪ್ಪಿಗೆ ಹೇಳಿ, ಕಾರಹುಣ್ಣಿಮೆ ಕಳೆದ ಮೇಲೆ ನಿಶ್ಚಯ ಎಂದು ಮಾತಾಡಿಕೊಂಡರು. ನಾನು ಮಾತ್ರ ಬಸ್ಸಿನುದ್ದಕ್ಕೂ ನನ್ನ ಅಂಗಿಯನ್ನೇ ನೋಡಿಕೊಳ್ಳುತ್ತ ಬಂದೆ. ಮುದುಕಿ ಸುಳ್ಳು ಹೇಳಿರಲಿಲ್ಲ. ಅದೇ ಹೆಚ್ಚು ಉರಿಯಿತು.

ಮರುವಾರ ಸೊಲ್ಲಾಪುರಕ್ಕೆ ಹೋದೆ. ಬಸ್ ಸ್ಟ್ಯಾಂಡಿನ ಹೊರಗೆ ಕೈಗಾಡಿಯ ಮೇಲೆ ಹಳೆಯ ಪುಸ್ತಕ ಮಾರುವವನ ಹತ್ತಿರ ಮೈ ಬೆಳೆಸುವ ವಿದ್ಯೆಯ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ರಟ್ಟು ಹರಿದುಹೋಗಿತ್ತು. ಮೊದಲ ಅಧ್ಯಾಯ ಮೂರೇ ಪುಟ. ಈಗ ತಿನ್ನುವುದಕ್ಕಿಂತ ಹೆಚ್ಚು ತಿನ್ನಿ, ನಿನ್ನೆ ಎತ್ತಿದ್ದಕ್ಕಿಂತ ತುಸು ಹೆಚ್ಚು ಎತ್ತಿ, ಕಣ್ತುಂಬ ನಿದ್ದೆ ಮಾಡಿ ಎಂದಿತ್ತು. ಓದಿ ನಕ್ಕೆ. ಇಷ್ಟು ಎಮ್ಮೆ ಕಾಯುವವನಿಗೂ ಗೊತ್ತು, ಇದಕ್ಕೆ ಪುಸ್ತಕ ಯಾಕೆ ಎಂದು ಪುಟ ತಿರುಗಿಸಿದೆ. ಮುಂದಿನ ಇನ್ನೂರು ಪುಟ ನನಗೆಂದೇ ಬರೆದ ಹಾಗಿತ್ತು. ಒಂದು ತೋಳಿಗೇ ಹನ್ನೆರಡು ಕಸರತ್ತು, ಪ್ರತಿಯೊಂದಕ್ಕೂ ಚಿತ್ರ, ಬಾಣದ ಗುರುತು, ಉಸಿರು ಯಾವಾಗ ಎಳೆಯಬೇಕು, ಯಾವಾಗ ಬಿಡಬೇಕು. ನಾನು ಹತ್ತಿರದ ಹಳ್ಳಿಯ ಶಾಲೆಯಲ್ಲಿ ಮಾಸ್ತರನಾಗಿದ್ದವನು. ಕಷ್ಟವಾಗಿ ಬರೆದಿದ್ದನ್ನು ಕಂಡರೆ ನಮ್ಮಂಥವರಿಗೆ ಮೊದಲಿನಿಂದಲೂ ಭಕ್ತಿ.

ಮನೆಯ ಹಿತ್ತಲಲ್ಲಿ ನನ್ನ ಸಾಧನೆ ಶುರುವಾಯಿತು. ಎರಡು ಡಬ್ಬಿಗಳಿಗೆ ಸಿಮೆಂಟು ತುಂಬಿ ನಡುವೆ ಕಬ್ಬಿಣದ ಸಲಾಕೆ ಸಿಕ್ಕಿಸಿದೆ. ಮೊಣಕೈ ಎಷ್ಟು ಮಡಚಬೇಕು ಎಂಬುದಕ್ಕೆ ಪುಸ್ತಕದಲ್ಲಿ ಒಂದು ಕೋನ ಕೊಟ್ಟಿದ್ದರು. ಶಾಲೆಯ ಕಂಪಾಸು ಪೆಟ್ಟಿಗೆಯಿಂದ ಕೋನಮಾಪಕ ತಂದು, ಒಂದು ಕೈಯಲ್ಲಿ ಸಲಾಕೆ ಹಿಡಿದು, ಇನ್ನೊಂದರಲ್ಲಿ ಕೋನ ಅಳೆಯುತ್ತಿದ್ದೆ. ಅಳತೆ ಸರಿಬರುವಷ್ಟರಲ್ಲಿ ಕೈ ನಡುಗಿ ಸಲಾಕೆ ಕೆಳಗಿಡುತ್ತಿದ್ದೆ. ಆಮೇಲೆ ಹನ್ನೆರಡರಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂದು ಪಟ್ಟಿ ಬರೆದು, ಹೊಡೆದುಹಾಕಿ, ಮತ್ತೆ ಬರೆಯುತ್ತಿದ್ದೆ. ಒಂದು ತಾಸಿನ ಸಾಧನೆಯಲ್ಲಿ ಭಾರ ಎತ್ತಿದ್ದು ಏಳೆಂಟು ಸಲ ಇದ್ದೀತು. ಮಂತ್ರಕ್ಕಿಂತ ಉಗುಳು ಜಾಸ್ತಿ ಎನ್ನುತ್ತಾರಲ್ಲ, ಹಾಗೆ. ಆದರೆ ಪಟ್ಟಿ ಮಾತ್ರ ಬಲು ಅಂದವಾಗಿತ್ತು.

ನಿಜವಾದ ಪಜೀತಿ ಶುರುವಾದದ್ದು ಊಟದ ಅಧ್ಯಾಯದಿಂದ. ಎರಡು ಹೊತ್ತು ಹೊಟ್ಟೆ ಬಿರಿಯುವಷ್ಟು ಉಣ್ಣುವುದು ಅನಾಗರಿಕರ ಪದ್ಧತಿ, ಎರಡೂವರೆ ತಾಸಿಗೊಮ್ಮೆ ಸ್ವಲ್ಪ ಸ್ವಲ್ಪವಾಗಿ, ದಿನಕ್ಕೆ ಆರು ಸಲ ತಿನ್ನಬೇಕು ಎಂದು ಅದರಲ್ಲಿತ್ತು. ಖಾರ ಬಿಡಬೇಕು. ಉಂಡ ಮೇಲೆ ಮಾತಾಡದೆ ಕಣ್ಣು ಮುಚ್ಚಿ ಕೂರಬೇಕು, ಇಲ್ಲದಿದ್ದರೆ ಅನ್ನದ ಸತ್ವ ಸ್ನಾಯುವಿಗೆ ಹೋಗುವುದಿಲ್ಲ. ಇದನ್ನು ಬರೆದವನಿಗೆ ನಮ್ಮ ಮನೆಯ ಆಯಿ ಗೊತ್ತಿರಲಿಲ್ಲ.

ಆಯಿ ಎಂದರೆ ನನ್ನ ಅಪ್ಪನ ತಾಯಿ. ನಮ್ಮದು ಜಂಗಮರ ಮನೆ. ಊರ ಮನೆಗಳ ಮದುವೆ, ಗೃಹಪ್ರವೇಶಗಳ ಪೂಜೆಯನ್ನು ಅಪ್ಪ ನಡೆಸುತ್ತಿದ್ದ. ಮನೆಯೊಳಗಿನ ಕಾನೂನು ಮಾತ್ರ ಆಯಿಯದು. ಅದು ಒಂದೇ ಸಾಲಿನದು: ಲಿಂಗಕ್ಕೆ ತೋರಿಸದೆ ತುತ್ತು ಬಾಯಿಗೆ ಇಡಬಾರದು. ಕೈಕಾಲು ಮುಖ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಮಣೆಯ ಮೇಲೆ ಕುಳಿತು, ಕೊರಳ ಕರಡಿಗೆಯಿಂದ ಲಿಂಗ ತೆಗೆದು ಎಡಗೈಯ ಮೇಲಿಟ್ಟು, ನೀರು ಹನಿಸಿ, ಬಿಲ್ವಪತ್ರಿ ಏರಿಸಿ, ತಾಟು ತೋರಿಸಿ, ಆಮೇಲೆ ಉಣ್ಣಬೇಕು. ಚಹಾಕ್ಕೆ ಮಾತ್ರ ವಿನಾಯಿತಿ ಇತ್ತು. ಚಹಾ ನೀರಿನ ಜಾತಿ ಎಂದು ಆಯಿ ತೀರ್ಮಾನಿಸಿದ್ದಳು, ಏಕೆಂದರೆ ಅವಳಿಗೆ ಅದು ದಿನಕ್ಕೆ ಐದು ಸಲ ಬೇಕಿತ್ತು.

ಎರಡು ಊಟದ ಮನೆಯಲ್ಲಿ ಎರಡು ಪೂಜೆ. ಆರು ಊಟಕ್ಕೆ ಎಷ್ಟು ಎಂದು ನಿಮಗೇ ತಿಳಿದೀತು.

ಮೈ ಬೆಳೆಸುತ್ತಿದ್ದೇನೆ ಎಂದು ಹೇಳಲು ನಾಚಿಕೆ. ಹೇಳಿದರೆ ಯಾಕೆ ಎಂದು ಕೇಳುತ್ತಾರೆ. ಜೇವರ್ಗಿಯ ಗೂಟದ ಮಾತು ಬಾಯಿಬಿಡಬೇಕಾಗುತ್ತದೆ. ಅದಕ್ಕಿಂತ ಪೂಜೆಯೇ ಸುಲಭ ಎನಿಸಿತು. ಬೆಳಿಗ್ಗೆ ಆರಕ್ಕೆ, ಎಂಟೂವರೆಗೆ, ಹನ್ನೊಂದಕ್ಕೆ, ಒಂದೂವರೆಗೆ, ನಾಲ್ಕಕ್ಕೆ, ಸಂಜೆ ಆರೂವರೆಗೆ ಗಡಿಯಾರ ನೋಡಿ ಕೈಕಾಲು ತೊಳೆದು ಮಣೆ ಹಾಕುತ್ತಿದ್ದೆ. ಪ್ರತಿ ಸಲ ಒಂದು ಜೋಳದ ರೊಟ್ಟಿ, ಒಂದು ಬಟ್ಟಲು ಖಾರವಿಲ್ಲದ ತೊಗರಿಬೇಳೆ, ಎಣಿಸಿ ಹನ್ನೆರಡು ಶೇಂಗಾ. ಆಮೇಲೆ ಕಾಲು ತಾಸು ಕಣ್ಣು ಮುಚ್ಚಿ ಮೌನ. ನಾನು ಒಳಗೊಳಗೆ ಬೇಳೆಯ ಸತ್ವವನ್ನು ತೋಳಿನ ಕಡೆ ಕಳಿಸುತ್ತಿದ್ದೆ. ನೋಡುವವರಿಗೆ ಅದು ಧ್ಯಾನ.

ಅವ್ವ ಮೊದಲು ಗೊಣಗಿದಳು. "ಬ್ಯಾಸಗಿ ದಿನ, ಬಾವ್ಯಾಗ ನೀರಿಲ್ಲ. ಇವ ಕೈಕಾಲು ತೊಳ್ಯಾಕ ದಿನಾ ಎರಡು ಕೊಡ ಖಾಲಿ ಮಾಡಾಕತ್ತಾನ."

ಆಯಿ ಅವಳ ಬಾಯಿ ಮುಚ್ಚಿಸಿದಳು. "ಲಿಂಗಪೂಜಾಕ್ಕ ನೀರಿನ ಲೆಕ್ಕ ಹಚ್ಚಬ್ಯಾಡ ಬೇ. ನಮ್ಮ ಮನ್ಯಾಗ ಯಾರು ಹಿಂಗ ಮಾಡ್ಯಾರ? ಅವರಪ್ಪನೂ ಮಾಡಿಲ್ಲ, ಅವರ ಮುತ್ಯಾನೂ ಮಾಡಿಲ್ಲ."

ಆಯಿಯ ಮೊಣಕಾಲು ಊದಿ ಓಡಾಟ ನಿಂತು ಎರಡು ವರ್ಷವಾಗಿತ್ತು. ಈಗ ಅವಳು ಗೋಡೆ ಹಿಡಿದು ಬಂದು ನನಗೆ ಪತ್ರಿ ಆರಿಸಿ ಇಡತೊಡಗಿದಳು. ಅಷ್ಟು ಸಂತೋಷವಾಗಿ ಅವಳನ್ನು ನಾನು ನೋಡಿರಲಿಲ್ಲ. ಅದನ್ನು ನೋಡಿದಾಗ ನಿಜ ಹೇಳಿಬಿಡಬೇಕು ಎನಿಸುತ್ತಿತ್ತು. ಆದರೂ ಹೇಳಲಿಲ್ಲ.

ಶಾಲೆಯಲ್ಲಿ ಹನ್ನೊಂದರ ಪೂಜೆಗೆ ಹೆಡ್ಮಾಸ್ತರರ ಅಪ್ಪಣೆ ಬೇಕಿತ್ತು. ಅವರು ಮುಸಲ್ಮಾನರು, ಬಿಳಿ ಗಡ್ಡದ ಹಿರಿಯರು. ಕೇಳಿ ಕನ್ನಡಕ ತೆಗೆದರು.

"ಮಾಸ್ಟರ್ ಸಾಬ್, ನಾವು ಐದು ವಕ್ತ್ ನಮಾಜ್ ಅಂತೇವಿ. ನಂದು ಅದ್ರಾಗ ಎರಡು ತಪ್ಪಿ ಹೋಗ್ತಾವ. ನೀವು ಆರು ವಕ್ತ್ ಮಾಡಾಕತ್ತೀರಿ, ಒಂದೂ ತಪ್ಪಸಂಗಿಲ್ಲ. ಶಾಭಾಷ್! ನನ್ನ ಖೋಲಿಯಾಗ ಕುಂದರ್ರಿ. ಯಾರೂ ಒಳಗ ಬರಲಾರದಂಗ ನಾ ಬಾಗಲಾಗ ನಿಂದರ್ತೇನಿ."

ಹೇಳಿದಂತೆ ನಿಂತೇ ನಿಂತರು. ನಾನು ಒಳಗೆ ಶೇಂಗಾ ಅಗಿಯುವ ಸದ್ದು ಕೇಳಬಾರದೆಂದು ನಿಧಾನವಾಗಿ ಅಗಿಯುತ್ತಿದ್ದೆ. ಹತ್ತು ದಿನದ ಮೇಲೆ ಅವರೇ ಹೇಳಿದರು, ನನ್ನನ್ನು ನೋಡಿ ನಾಚಿಕೆಯಾಗಿ ಅವರ ಎರಡು ನಮಾಜೂ ಈಗ ತಪ್ಪುತ್ತಿಲ್ಲವಂತೆ. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು.

ಕಾರಹುಣ್ಣಿಮೆ ಬಂತು. ಮೊದಲ ದಿನ ಅಳತೆಗೆಂದು ಗಂಟು ಹಾಕಿಟ್ಟಿದ್ದ ದಾರವನ್ನು ತೋಳಿಗೆ ತೊಡಿಸಿ ನೋಡಿದೆ. ದಾರ ಸಡಿಲಾಗಿತ್ತು. ಗಾಬರಿಯಾಯಿತು. ಆದರೆ ಹೆಚ್ಚು ಯೋಚಿಸುವವನಿಗೆ ಸಮಾಧಾನಕ್ಕೇನು ಕೊರತೆ? ಮೊದಲು ಕೊಬ್ಬು ಇಳಿಯುತ್ತದೆ, ಆಮೇಲೆ ಸ್ನಾಯು ಏರುತ್ತದೆ, ನನ್ನದು ಇಳಿಯುವ ಕಾಲ ಎಂದು ವಿವರಣೆ ಕಟ್ಟಿಕೊಂಡೆ. ಇಳಿಯಲು ನನ್ನಲ್ಲಿ ಕೊಬ್ಬು ಎಲ್ಲಿತ್ತು ಎಂದು ಕೇಳಿಕೊಳ್ಳಲಿಲ್ಲ. ಏರುವ ಕಾಲ ಬರಲು ಇನ್ನೂ ಮೂರು ತಿಂಗಳು ಬೇಕಿತ್ತು. ಈ ತೋಳು ಇಟ್ಟುಕೊಂಡು ಜೇವರ್ಗಿಯ ಅಡುಗೆಮನೆಯ ಮುಂದೆ ಮತ್ತೆ ಕೂರಲು ಸಾಧ್ಯವಿರಲಿಲ್ಲ. ನಿಶ್ಚಯವನ್ನು ದಸರೆಗೆ ಮುಂದೂಡಬೇಕೆಂದು ಅಪ್ಪನಿಗೆ ಹೇಳಿದೆ.

"ಯಾಕಲೇ?" ಎಂದ ಅಪ್ಪ.

"ಈಗ ಬ್ಯಾಡ," ಎಂದೆ.

ಅಪ್ಪ ಬಹಳ ಹೊತ್ತು ನನ್ನ ಹಣೆಯ ವಿಭೂತಿಯನ್ನೇ ನೋಡಿದ. "ಹುಚ್ಚು ಬಿಡದೆ ಮದುವಿ ಆಗಂಗಿಲ್ಲ, ಮದುವಿ ಆಗದೆ ಹುಚ್ಚು ಬಿಡಂಗಿಲ್ಲ," ಎಂದು ಗೊಣಗಿ ಜೇವರ್ಗಿಗೆ ಕಾಗದ ಬರೆದ. ನನ್ನ ಹುಚ್ಚು ಯಾವುದೆಂದು ಅವನಿಗೆ ಗೊತ್ತಿರಲಿಲ್ಲ. ಊರಿಗೆ ಮಾತ್ರ ಗೊತ್ತಾಗಿಬಿಟ್ಟಿತ್ತು. ಆರು ಹೊತ್ತು ಪೂಜೆ, ಮೌನ, ಖಾರ ತ್ಯಾಗ, ಈಗ ಮದುವೆ ಬೇಡ. ಅಫಜಲಪುರದಲ್ಲಿ ಖಾರ ಬಿಟ್ಟವನು ಇನ್ನೇನು ಬಿಡುವುದು ಉಳಿದಿರುತ್ತದೆ? ಕಿರಾಣಿ ಅಂಗಡಿಗೆ ಹೋದರೆ ಜನ ಎದ್ದು ನಿಲ್ಲತೊಡಗಿದರು.

ಶ್ರಾವಣದ ಒಂದು ಸೋಮವಾರ, ಶಾಲೆಗೆ ಅರ್ಧ ದಿನ ರಜೆ, ನಾಲ್ಕರ ಪೂಜೆ ಮುಗಿಸಿ ಕಣ್ಣು ಮುಚ್ಚಿ ಕುಳಿತಿದ್ದೆ. ಕಣ್ಣು ತೆರೆದರೆ ಪಡಸಾಲೆಯಲ್ಲಿ ರುಮಾಲು ಸುತ್ತಿದ ನಾಲ್ವರು ಹಿರಿಯರು ಕೈಮುಗಿದು ಕುಳಿತಿದ್ದರು. ಮುಂದೆ ತೆಂಗಿನಕಾಯಿ, ಬಾಳೆಹಣ್ಣು, ಮಡಿಸಿದ ಕಾವಿ ವಸ್ತ್ರ. ಆಳಂದ ಕಡೆಯ ಒಂದು ಸಣ್ಣ ಮಠದ ಭಕ್ತರು ಅವರು.

ಅವರಲ್ಲಿ ಹಿರಿಯನೊಬ್ಬ ಅಪ್ಪನಿಗೆ ಹೇಳಿದ. "ನಮ್ಮ ಮಠದ ಅಪ್ಪಾವ್ರಿಗಿ ವಯಸ್ಸಾಗ್ಯದ್ರಿ. ಅವರ ಹಿಂದ ಪೀಠಕ್ಕ ಕೂಡಾಕ ಒಬ್ರು ಬೇಕಾಗ್ಯಾರ. ಆರು ಹೊತ್ತು ಪೂಜಾ ಮಾಡೋರು ನಿಮ್ಮ ಮನ್ಯಾಗ ಅದಾರಂತ ಕೇಳಿ ಬಂದೇವಿ." ಆಮೇಲೆ ನನ್ನ ತೋಳಿನ ಕಡೆ ನೋಡಿ ಗದ್ಗದಿತನಾದ. "ನೋಡ್ರಿ, ಎಂಥಾ ತಪಸ್ಸು! ಮೈಯಾಗ ಏನೂ ಉಳಿದಿಲ್ಲ."

ನಾಲ್ಕು ತಿಂಗಳು ಬೆಳೆಸಿದ ತೋಳಿಗೆ ಸಿಕ್ಕ ಮೊದಲ ಹೊಗಳಿಕೆ ಅದು.

ಆಯಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅವ್ವ ಒಳಗೆ ಅಳುತ್ತಿದ್ದಳು. ಅಪ್ಪ, ಒಂದು ವಾರ ಕೊಡಿ, ವಿಚಾರ ಮಾಡಿ ಹೇಳುತ್ತೇವೆ ಎಂದ. ಅಲ್ಲ ಎನ್ನಲು ನಾನು ಬಾಯಿ ತೆರೆದೆ. ಆದರೆ ಕಾವಿ ವಸ್ತ್ರ ಮುಂದಿಟ್ಟುಕೊಂಡು ಕೈಮುಗಿದವರಿಗೆ ಶೇಂಗಾದ ಕಥೆ ಹೇಗೆ ಹೇಳುವುದು? ನಾನು ಸುಮ್ಮನಿದ್ದೆ. ಅವರು ಅದನ್ನೂ ಮೌನವ್ರತವೆಂದು ತಿಳಿದು ಕಾಲಿಗೆ ಬಿದ್ದು ಹೋದರು.

ಮರುದಿನವೇ ಜೇವರ್ಗಿಯಿಂದ ಕಾಗದ ಬಂತು. ಹುಡುಗಿಯ ತಂದೆ ಬರೆದಿದ್ದರು. "ತಮ್ಮ ಚಿರಂಜೀವಿಯವರು ವೈರಾಗ್ಯದ ಮಾರ್ಗ ಹಿಡಿದಿದ್ದಾರೆಂದು ಕೇಳಿ ಸಂತೋಷವಾಯಿತು. ಸಿಂದಗಿ ಕಡೆಯವರು ಬರುವ ಗುರುವಾರ ನಮ್ಮ ಮಗಳನ್ನು ನೋಡಲು ಬರುವವರಿದ್ದಾರೆ. ತಾವು ಅನ್ಯಥಾ ಭಾವಿಸಬಾರದು."

ಗುರುವಾರಕ್ಕೆ ನಡುವೆ ಬುಧವಾರ ಒಂದೇ ಇತ್ತು. ಅವಳು ಮೆಚ್ಚಲಿ ಎಂದೇ ಎದ್ದು, ಕುಳಿತು, ಎಣಿಸಿ, ಅಳೆದು ನಾಲ್ಕು ತಿಂಗಳು ಕಳೆದಿದ್ದೆ. ಅದೇ ಅವಳನ್ನು ಸಿಂದಗಿಗೆ ಕಳಿಸುತ್ತಿತ್ತು.

ಬುಧವಾರ ನಸುಕಿನಲ್ಲಿ ಆಯಿಯ ಹಾಸಿಗೆಯ ಹತ್ತಿರ ಹೋಗಿ ಕುಳಿತೆ. ಎಲ್ಲ ಹೇಳಿದೆ. ಗೂಟ, ಪುಸ್ತಕ, ಎರಡೂವರೆ ತಾಸು, ಕಣ್ಣು ಮುಚ್ಚಿ ಕೂರುವುದು, ಏನೂ ಬಿಡಲಿಲ್ಲ. ಆಯಿ ತೊಲೆ ನೋಡುತ್ತ ಮಲಗಿದ್ದಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

"ಅಂದ್ರ ಇಷ್ಟು ದಿನಾ ಹೊಟ್ಟಿ ಸಲುವಾಗಿ ಪೂಜಾ ಮಾಡಿದಿ," ಎಂದಳು ಕೊನೆಗೆ.

"ಹೌದು ಆಯಿ."

"ಹೊಟ್ಟಿ ಸಲುವಾಗಿ ಪೂಜಾ ಮಾಡಿದವ ಈ ಮನ್ಯಾಗ ನೀ ಒಬ್ಬನ ಏನಲ್ಲ ಬಿಡು," ಎಂದು ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದ ಅಪ್ಪನ ಕಡೆ ಗದ್ದ ಎತ್ತಿ ತೋರಿಸಿದಳು. "ಮಾಡಿದ್ದು ಲೆಕ್ಕಕ್ಕ ಬರ್ತದ. ಹೋಗು, ಮೊದಲ್ನೇ ಗಾಡಿ ತಪ್ಪಸ್ಕೋಬ್ಯಾಡ." ದನಿ ಗಟ್ಟಿಯಾಗಿತ್ತು. ಆದರೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು.

ಗುಲಬರ್ಗಾದಲ್ಲಿ ಬಸ್ಸು ಬದಲಿಸಿ ಜೇವರ್ಗಿ ಮುಟ್ಟಿದಾಗ ಊಟದ ಹೊತ್ತು ಹತ್ತಿರವಾಗಿತ್ತು. ದಾರಿಯಲ್ಲಿ ಭೀಮೆ ತುಂಬಿ ಹರಿಯುತ್ತಿದ್ದಳು, ನಾನು ಸೇತುವೆಯ ಮೇಲೆ ಮಾತುಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಅವು ಯಾವುವೂ ಕೆಲಸಕ್ಕೆ ಬರಲಿಲ್ಲ. ನನ್ನನ್ನು ಬಾಗಿಲಲ್ಲಿ ಕಂಡದ್ದೇ ಹುಡುಗಿಯ ತಂದೆ ತಂಬಿಗೆಯಲ್ಲಿ ನೀರು ತರಿಸಿ, ಬೇಡವೆಂದರೂ ಕೇಳದೆ, ನನ್ನ ಪಾದ ತೊಳೆದರು. ಕಂಬಳಿ ಹಾಸಿ ಅದರ ಮೇಲೆ ಕೂರಿಸಿದರು. ಒಳಗಿನಿಂದ ಒಬ್ಬ ಮುದುಕಿ ಬಂದು ಕಾಲಿಗೆ ಬಿದ್ದಳು. "ತಪ್ಪಾಗ್ಯದ್ರಿ ಅಪ್ಪಾ. ಗೂಟ ಅಂದು ಪಾಪ ಕಟ್ಕೊಂಡೆ," ಎಂದಳು. ಅವತ್ತು ಅಡುಗೆಮನೆಯಿಂದ ಕೇಳಿದ ದನಿ ಇದೇ.

"ನಾನು ಸ್ವಾಮಿ ಆಗಾಕತ್ತಿಲ್ರಿ," ಎಂದೆ. "ನಾ ಮೈ ಬೆಳೆಸಾಕತ್ತೇನ್ರಿ."

ಯಾರೂ ನಂಬಲಿಲ್ಲ. ನಂಬುವಂತೆಯೂ ಇರಲಿಲ್ಲ. ನಾನು ಉದ್ದಕ್ಕೂ ಎಲ್ಲ ಹೇಳಿ, ಕೊನೆಗೆ ಅಂಗಿಯ ತೋಳು ಮಡಚಿ, ಮುಷ್ಟಿ ಬಿಗಿದು ಮೊಣಕೈ ಎತ್ತಿ ತೋರಿಸಿದೆ. ಮುದುಕಿ ಹತ್ತಿರ ಬಂದು ಬಗ್ಗಿ ನೋಡಿದಳು.

"ಎಲ್ಲಿ?" ಎಂದಳು.

ಹುಡುಗಿಯ ತಂದೆ ಗಂಟಲು ಸರಿಪಡಿಸಿಕೊಂಡರು. ಸಿಂದಗಿಯವರಿಗೆ ಮಾತು ಕೊಟ್ಟಾಗಿದೆ, ಈಗ ಏನು ಮಾಡುವುದು ಎಂಬ ಅರ್ಥದ ಏನೋ ಹೇಳತೊಡಗಿದರು. ಅಷ್ಟರಲ್ಲಿ ಅಡುಗೆಮನೆಯ ಪರದೆಯ ಹಿಂದಿನಿಂದ ಹುಡುಗಿಯ ದನಿ ಬಂತು. ನನಗಲ್ಲ, ತಾಯಿಗೆ.

"ಅವ್ವಾ, ಇದಕ್ಕೂ ಮದಲ ದಿನಕ್ಕ ಎಷ್ಟು ರೊಟ್ಟಿ ತಿಂತಿದ್ರಂತ ಕೇಳು."

ತಾಯಿ ನನ್ನನ್ನು ಕೇಳಿದರು. "ಮುಂಜಾನೆ ನಾಕು, ಸಂಜೀಕ ನಾಕು," ಎಂದೆ.

"ಈಗ ಎಷ್ಟು ತಿಂತಾರಂತ ಕೇಳು."

"ಈಗ ಆರು ಹೊತ್ತು ತಿಂತೇನ್ರಿ," ಎಂದೆ, ತುಸು ಹೆಮ್ಮೆಯಿಂದಲೇ. "ಹೊತ್ತಿಗೊಂದು."

ಪರದೆಯ ಹಿಂದೆ ರೊಟ್ಟಿ ಬಡಿಯುವ ಸದ್ದು ನಿಂತಿತು.

"ಎಂಟು ರೊಟ್ಟಿ ತಿನ್ನೋರು ಆರು ತಿನ್ನಾಕತ್ತಾರ," ಎಂದಳು ಅವಳು. "ಹಿಂಗಾದ್ರ ಮೈ ಹ್ಯಾಂಗ ಬರ್ತದ ಅವ್ವಾ?"

ನಾನು ಮಕ್ಕಳಿಗೆ ಕೂಡುವುದು ಕಳೆಯುವುದು ಹೇಳಿ ಸಂಬಳ ತೆಗೆದುಕೊಳ್ಳುವವನು. ಬೇಳೆಯನ್ನು ಬಟ್ಟಲಲ್ಲಿ ಅಳೆದಿದ್ದೆ, ಶೇಂಗಾ ಎಣಿಸಿದ್ದೆ, ಮೊಣಕೈಯ ಕೋನ ಅಳೆದಿದ್ದೆ, ತಾಸು ನಿಮಿಷ ಬರೆದಿಟ್ಟಿದ್ದೆ. ಎಂಟಕ್ಕಿಂತ ಆರು ಕಡಿಮೆ ಎಂಬುದೊಂದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಹುಡುಗಿಯ ತಂದೆ ನನ್ನನ್ನು ನೋಡಿದರು, ತೋಳನ್ನು ನೋಡಿದರು, ಮತ್ತೆ ಮುಖ ನೋಡಿದರು. ಅವರ ಮೀಸೆ ಅಲುಗಾಡತೊಡಗಿತು. ಮೊದಲು ನಕ್ಕವರು ಅವರೇ. ಆಮೇಲೆ ಮುದುಕಿ ನಕ್ಕು ನಕ್ಕು ಕೆಮ್ಮುತ್ತ ನೆಲಕ್ಕೇ ಕುಳಿತಳು. ನನಗೂ ನಗು ಬಂತು, ಅದರ ಜೊತೆಗೇ ಅಳುವೂ.

"ತಾಟು ಹಾಕ್ರಿ," ಎಂದರು ಹುಡುಗಿಯ ತಂದೆ. "ಖರೇ ಏನು, ಸುಳ್ಳೇನು, ತಾಟಿನ್ಯಾಗ ತಿಳೀತದ."

ಹುಡುಗಿಯ ತಾಯಿ ಬಿಸಿ ರೊಟ್ಟಿ, ಪುಂಡಿಪಲ್ಯ, ಕೆಂಪು ಚಟ್ನಿ, ಗಟ್ಟಿ ಮೊಸರು ತಂದಿಟ್ಟರು. ಕೈಕಾಲು ತೊಳೆದು, ಲಿಂಗಕ್ಕೆ ತೋರಿಸಿ, ತಿನ್ನತೊಡಗಿದೆ. ನಾಲ್ಕು ತಿಂಗಳ ಮೇಲೆ ಖಾರ ನಾಲಿಗೆಗೆ ಬಿದ್ದು ಕಣ್ಣು ಮೂಗು ಒಟ್ಟಿಗೆ ಹರಿದವು. ಅಷ್ಟು ಹಸಿವು ನನ್ನೊಳಗೆ ಇದೆ ಎಂದು ನನಗೇ ಗೊತ್ತಿರಲಿಲ್ಲ. ಎರಡನೆಯದು ಮುಗಿಯಿತು, ಮೂರನೆಯದು ಮುಗಿಯಿತು. ಮನೆಯವರೆಲ್ಲ ಎದುರು ಕುಳಿತು ಕುಸ್ತಿ ನೋಡುವವರ ಹಾಗೆ ನೋಡುತ್ತಿದ್ದರು. ಐದನೆಯ ರೊಟ್ಟಿಯನ್ನು ಮುರಿದಾಗ ಹುಡುಗಿಯ ತಂದೆ ತೊಡೆ ತಟ್ಟಿ ಎದ್ದರು.

"ಇವ್ರು ಮಠಕ್ಕ ಹೋಗೋರಲ್ಲ," ಎಂದರು. "ಸಿಂದಗಿಗಿ ಹೇಳಿ ಕಳಸ್ತೇನಿ. ನಿಶ್ಚಯಕ್ಕ ಯಾವಾಗ ಬರೋದಂತ ನಿಮ್ಮಪ್ಪಾರಿಗಿ ಕೇಳ್ರಿ."

ನನ್ನ ಬಾಯಲ್ಲಿ ರೊಟ್ಟಿ ಇತ್ತು, ಹೂಂ ಎಂದು ತಲೆ ಅಲ್ಲಾಡಿಸಿದೆ. ಅವರು ಹೊರಗೆ ಹೋದ ಮೇಲೆ ಪರದೆ ಸರಿಯಿತು. ಅವಳು ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದರಲ್ಲಿ ಬೆಣ್ಣೆಯ ಬಟ್ಟಲು ಹಿಡಿದು ಬಂದು ಬಗ್ಗಿ ಬಡಿಸಿದಳು. ಕೈಗೆಲ್ಲ ಜೋಳದ ಹಿಟ್ಟು. ಈ ಸಲ ತಾಯಿಗಲ್ಲ, ನನಗೇ ಹೇಳಿದಳು.

"ಮುಂಜಾನಿ ನಾಕು, ಸಂಜೀಕ ನಾಕು. ಮದುವಿತನಕ ಇಷ್ಟು ನೆನಪಿಡ್ರಿ. ಮುಂದಿಂದು ನಾ ನೋಡ್ಕೋತೇನಿ."